ದ್ರವದಲ್ಲಿ ಅಕೌಸ್ಟಿಕ್ ಸೆನ್ಸರ್ ಕೈಕೊಟ್ಟಾಗ: ದೋಷ ಎಲ್ಲಿದೆ ಎಂದು ಹುಡುಕುವ ಕ್ರಮ

ದ್ರವದಲ್ಲಿರುವ ಪ್ರೋಟೀನ್, ಬ್ಯಾಕ್ಟೀರಿಯಾ, ಕೀಟನಾಶಕದ ಅಂಶ ಇಂಥವನ್ನು ಹಿಡಿಯಲು ಅಕೌಸ್ಟಿಕ್ ಅಲೆಯ (ಘನವಸ್ತುವಿನಲ್ಲಿ ಸಾಗುವ ಕಂಪನದ ಅಲೆಯ) ಸೆನ್ಸರ್ ಕಟ್ಟುವವರಿಗೆ ಈ ಅನುಭವ ಹೊಸದೇನಲ್ಲ. ಗಾಳಿಯಲ್ಲಿ ಇಟ್ಟಾಗ ಎಲ್ಲವೂ ಚೆನ್ನಾಗಿರುತ್ತದೆ. ದ್ರವ ಬಿಟ್ಟ ಕೂಡಲೇ ತೊಂದರೆ ಶುರುವಾಗುತ್ತದೆ. ಸಿಗ್ನಲ್ ಪೂರ್ತಿ ಸತ್ತುಹೋಗಬಹುದು. ಬೇಸ್‌ಲೈನ್, ಅಂದರೆ ಏನೂ ಅಂಟದಿರುವಾಗ ತೋರಿಸುವ ಅಂಕಿ, ಒಂದು ಕಡೆ ನಿಲ್ಲದೆ ಜಾರುತ್ತಲೇ ಇರಬಹುದು. ಸ್ಯಾಂಪಲ್‌ನಲ್ಲಿ ಇಲ್ಲದ ವಸ್ತುವಿಗೂ ಸೆನ್ಸರ್ ಸ್ಪಂದಿಸಬಹುದು. ಇಲ್ಲವೇ ವಸ್ತು ಇದ್ದರೂ ಸುಮ್ನೆ ಕೂತಿರಬಹುದು.

ಇಂಥ ಹೊತ್ತಿನಲ್ಲಿ ಎಲ್ಲರೂ ಮೊದಲು ಅನುಮಾನಿಸುವುದು ಸೆನ್ಸರ್ ಮೇಲಿನ ರಾಸಾಯನಿಕ ಪದರವನ್ನು, ಅಂದರೆ ಬೇಕಾದ ವಸ್ತುವನ್ನು ಹಿಡಿಯುವ ಆಂಟಿಬಾಡಿ ಎಂಬ ಪ್ರೋಟೀನ್ ಕಟ್ಟಿದ ಪದರವನ್ನು. ಆಂಟಿಬಾಡಿ ಹಾಳಾಗಿದೆ ಎಂದುಕೊಂಡು ಹೊಸದನ್ನು ತರಿಸುತ್ತಾರೆ. ಪದರವನ್ನು ಮತ್ತೆ ಮೊದಲಿನಿಂದ ಕಟ್ಟುತ್ತಾರೆ. ವಾರಗಳು ಹೀಗೇ ಹೋಗುತ್ತವೆ. ನನ್ನ ಸಲಹೆ ಇದಕ್ಕೆ ಉಲ್ಟಾ. ರಾಸಾಯನಿಕ ಪದರವನ್ನು ಕಟ್ಟಕಡೆಗೆ ಅನುಮಾನಿಸಿ. ಮೊದಲು ವಿದ್ಯುತ್ ಸಂಪರ್ಕ, ಆಮೇಲೆ ಸೆಲ್‌ನ (ಸೆನ್ಸರ್ ಮೇಲೆ ದ್ರವ ಹಿಡಿದಿಡುವ ಪುಟ್ಟ ಕೋಣೆಯ) ಜೋಡಣೆ, ಅದಾದ ಮೇಲೆ ದ್ರವ ಮತ್ತು ಉಷ್ಣತೆ. ಇವೆಲ್ಲ ಸರಿ ಇವೆಯೋ ಇಲ್ಲವೋ ಎನ್ನುವುದನ್ನು ಬಹುಪಾಲು ಬರೀ ನೀರಿನಲ್ಲೇ ಪರೀಕ್ಷಿಸಬಹುದು. ಒಂದು ತೊಟ್ಟು ಆಂಟಿಬಾಡಿಯೂ ಖರ್ಚಾಗುವುದಿಲ್ಲ.

ಒಂದು ಸಂಖ್ಯೆ ಸಾಲದು

ಕ್ವಾರ್ಟ್ಜ್ ಕ್ರಿಸ್ಟಲ್ ಸೆನ್ಸರ್‌ನಿಂದ ಶುರು ಮಾಡೋಣ. ಹೆಚ್ಚಿನವರು ಕೈ ಹಾಕುವುದು ಅದಕ್ಕೇ. ಎಟಿ ಕಟ್ (ನಿರ್ದಿಷ್ಟ ಕೋನದಲ್ಲಿ ಕತ್ತರಿಸಿದ) ಕ್ವಾರ್ಟ್ಜ್‌ನ ತೆಳುಬಿಲ್ಲೆ, ಎರಡೂ ಬದಿಗೆ ಚಿನ್ನದ ಎಲೆಕ್ಟ್ರೋಡ್. ವೋಲ್ಟೇಜ್ ಕೊಟ್ಟರೆ ಬಿಲ್ಲೆಯ ಎರಡು ಮುಖಗಳು ಒಂದಕ್ಕೊಂದು ವಿರುದ್ಧವಾಗಿ ಪಕ್ಕಕ್ಕೆ ಜಾರುತ್ತಾ ಕಂಪಿಸುತ್ತವೆ. ಮೇಲೆ ತೂಕ ಕೂತರೆ ಆವರ್ತನ ಇಳಿಯುತ್ತದೆ. ಎಷ್ಟು ತೂಕಕ್ಕೆ ಎಷ್ಟು ಇಳಿತ ಎಂಬ ಲೆಕ್ಕವನ್ನು ಸಾವರ್‌ಬ್ರೇ 1959ರಲ್ಲಿ ಕೊಟ್ಟರು. 5 ಮೆಗಾಹರ್ಟ್ಜ್ ಕ್ರಿಸ್ಟಲ್‌ಗೆ ಅದು ಹೀಗಿದೆ: ಆವರ್ತನ 1 ಹರ್ಟ್ಜ್ ಇಳಿದರೆ ಪ್ರತಿ ಚದರ ಸೆಂಟಿಮೀಟರ್‌ಗೆ 17.7 ನ್ಯಾನೋಗ್ರಾಂ ಕೂತಿದೆ ಎಂದರ್ಥ.

ಆದರೆ ಈ ಲೆಕ್ಕ ಗಟ್ಟಿಯಾದ, ತೆಳುವಾದ, ಬಿಗಿಯಾಗಿ ಅಂಟಿದ ಪದರಕ್ಕೆ ಮಾತ್ರ. ದ್ರವ ಬಂದಾಗ ಇನ್ನೊಂದು ವಿಷಯ ಸೇರಿಕೊಳ್ಳುತ್ತದೆ. ಕಂಪಿಸುವ ಮುಖ ತನ್ನ ಪಕ್ಕದ ದ್ರವವನ್ನೂ ಎಳೆದಾಡುತ್ತದೆ. 5 ಮೆಗಾಹರ್ಟ್ಜ್‌ನಲ್ಲಿ, ನೀರಿನಲ್ಲಿ, ಈ ಎಳೆತ ಸುಮಾರು 250 ನ್ಯಾನೋಮೀಟರ್ ದೂರದವರೆಗೆ ಮುಟ್ಟಿ ಕ್ಷೀಣಿಸುತ್ತದೆ. ಇದರಿಂದ ಆವರ್ತನ ಎಷ್ಟು ಇಳಿಯುತ್ತದೆ ಎಂಬ ಸೂತ್ರವನ್ನು ಕನಜಾವಾ ಮತ್ತು ಗಾರ್ಡನ್ 1985ರಲ್ಲಿ ಪ್ರಕಟಿಸಿದರು. ದ್ರವದ ಸಾಂದ್ರತೆಯನ್ನು ಸ್ನಿಗ್ಧತೆಯಿಂದ ಗುಣಿಸಿ ವರ್ಗಮೂಲ ತೆಗೆದರೆ, ಇಳಿತ ಅದಕ್ಕೆ ಅನುಪಾತದಲ್ಲಿರುತ್ತದೆ. 20 ಡಿಗ್ರಿ ನೀರು ಒಂದೇ ಬದಿಗೆ ತಾಗಿದರೆ ಸುಮಾರು 714 ಹರ್ಟ್ಜ್ ಇಳಿತ. 25 ಡಿಗ್ರಿಯಲ್ಲಿ ಸುಮಾರು 673. ಈ ಎರಡು ಅಂಕಿಗಳನ್ನು ಗೋಡೆಯ ಮೇಲೆ ಬರೆದಿಟ್ಟುಕೊಂಡರೂ ತಪ್ಪಿಲ್ಲ.

ಆವರ್ತನದ ಜೊತೆಗೆ ಡ್ಯಾಂಪಿಂಗ್ ಅನ್ನೂ, ಅಂದರೆ ಕಂಪನದ ಶಕ್ತಿ ಎಷ್ಟು ಸೋರಿಹೋಗುತ್ತಿದೆ ಎಂಬುದನ್ನೂ, ಅಳೆಯಲೇಬೇಕು. ಉಪಕರಣಕ್ಕೆ ತಕ್ಕಂತೆ ಅದು ರೆಸಿಸ್ಟೆನ್ಸ್ ಆಗಿ, ಡಿಸಿಪೇಷನ್ ಆಗಿ, ಇಲ್ಲವೇ ಅನುರಣನ ಶಿಖರದ ಅಗಲವಾಗಿ ಕಾಣುತ್ತದೆ. ಯಾವ ರೂಪದಲ್ಲಾದರೂ ಸರಿ. ಒಂದಿಂಚಿನ 5 ಮೆಗಾಹರ್ಟ್ಜ್ ಕ್ರಿಸ್ಟಲ್ ಗಾಳಿಯಲ್ಲಿ 10 ಓಮ್ ಆಸುಪಾಸು ತೋರಿಸಿದರೆ, ಒಂದು ಬದಿಗೆ ನೀರು ತಾಗಿದಾಗ 350ರಿಂದ 400 ಓಮ್‌ಗೆ ಏರುತ್ತದೆ.

ಎರಡನ್ನೂ ಒಟ್ಟಿಗೆ ನೋಡಿದರೆ ದೋಷ ತಾನಾಗಿಯೇ ಬಾಯಿಬಿಡುತ್ತದೆ. ಆವರ್ತನ ಇಳಿದು ಡ್ಯಾಂಪಿಂಗ್ ಹಾಗೇ ಇದ್ದರೆ ಗಟ್ಟಿ ಪದರ ಕೂತಿದೆ. ಆವರ್ತನ ಎಷ್ಟು ಹರ್ಟ್ಜ್ ಇಳಿಯಿತೋ, ಶಿಖರದ ಅರ್ಧ ಅಗಲವೂ ಅಷ್ಟೇ ಹರ್ಟ್ಜ್ ಹಿಗ್ಗಿದ್ದರೆ ಏನೂ ಕೂತಿಲ್ಲ, ದ್ರವದ ಗುಣ ಬದಲಾಗಿದೆ ಅಷ್ಟೇ. ಆವರ್ತನ ಏರಿ ಡ್ಯಾಂಪಿಂಗ್ ಇಳಿದರೆ ಗುಳ್ಳೆ ಬಂದು ಕೂತಿರಬಹುದು. ಆವರ್ತನ ಅಲುಗಾಡದೆ ರೆಸಿಸ್ಟೆನ್ಸ್ ಮಾತ್ರ ಥಟ್ಟನೆ ಜಿಗಿದರೆ ಸ್ಪ್ರಿಂಗ್ ಪಿನ್ ಅಥವಾ ಕನೆಕ್ಟರ್ ಸಡಿಲವಾಗಿರಬಹುದು. ಬರೀ ಆವರ್ತನ ತೋರಿಸುವ ಉಪಕರಣದಲ್ಲಿ ಈ ನಾಲ್ಕನ್ನೂ ಬೇರೆ ಬೇರೆ ಗುರುತಿಸಲು ಆಗುವುದಿಲ್ಲ. ಹಾಗಾಗಿ ಹೊಸದಾಗಿ ವಿನ್ಯಾಸ ಮಾಡುವವರು ಡ್ಯಾಂಪಿಂಗ್ ಅಳೆಯುವ ವ್ಯವಸ್ಥೆಯನ್ನು ಉಳಿತಾಯದ ಹೆಸರಿನಲ್ಲಿ ಬಿಡಬಾರದು ಎಂದು ಒತ್ತಿ ಹೇಳುತ್ತೇನೆ.

ದ್ರವ ಬಿಟ್ಟ ಕೂಡಲೇ ಸಿಗ್ನಲ್ ಸತ್ತರೆ

ಕ್ವಾರ್ಟ್ಜ್ ಕ್ರಿಸ್ಟಲ್ ಆದರೆ ಮೊದಲು ಕೇಬಲ್ ನೋಡಿ. ಕ್ರಿಸ್ಟಲ್‌ನ ಎರಡು ಎಲೆಕ್ಟ್ರೋಡ್‌ಗಳ ನಡುವೆ ಸಹಜವಾಗಿಯೇ ಒಂದು ಕೆಪಾಸಿಟೆನ್ಸ್ ಇರುತ್ತದೆ, ಸುಮಾರು 20 ಪಿಕೋಫ್ಯಾರಡ್ ಎಂದುಕೊಳ್ಳಿ. ಒಂದು ಮೀಟರ್ ಕೋಆಕ್ಸ್ ಕೇಬಲ್ ಸೇರಿಸಿದರೆ ಇನ್ನೂ 100 ಪಿಕೋಫ್ಯಾರಡ್ ಸೇರಿತು. ಫೇಸ್ (ವೋಲ್ಟೇಜ್ ಮತ್ತು ಕರೆಂಟ್ ಅಲೆಗಳ ನಡುವಿನ ಅಂತರ) ಸೊನ್ನೆಯಾಗುವ ಬಿಂದುವಿನಲ್ಲಿ ಆಂದೋಲಿಸುವ ಸರ್ಕ್ಯೂಟ್‌ಗೆ ಇಲ್ಲೊಂದು ಮಿತಿ ಇದೆ. ಕ್ರಿಸ್ಟಲ್‌ನ ರೆಸಿಸ್ಟೆನ್ಸ್ ಆ ಕೆಪಾಸಿಟೆನ್ಸ್‌ನ ರಿಯಾಕ್ಟೆನ್ಸ್‌ನ (ಎಸಿ ಕರೆಂಟ್‌ಗೆ ಅದು ಒಡ್ಡುವ ತಡೆಯ) ಅರ್ಧಕ್ಕಿಂತ ಕಡಿಮೆ ಇರಬೇಕು. 20 ಪಿಕೋಫ್ಯಾರಡ್‌ಗೆ ಈ ಮಿತಿ ಸುಮಾರು 800 ಓಮ್. 120 ಪಿಕೋಫ್ಯಾರಡ್‌ಗೆ ಬರೀ 130 ಓಮ್ ಚಿಲ್ಲರೆ. ನೀರಿನಲ್ಲಿ ಕ್ರಿಸ್ಟಲ್ 370 ಓಮ್ ದಾಟುವ ಕಾರಣ ಫೇಸ್ ಸೊನ್ನೆಗೆ ಬರುವುದೇ ಇಲ್ಲ. ಗಾಳಿಯಲ್ಲಿ ಸರಿ, ನೀರಿನಲ್ಲಿ ಸಾವು ಎಂಬ ಲಕ್ಷಣಕ್ಕೆ ಇದೇ ಮುಖ್ಯ ಕಾರಣ. ಆಂಪ್ಲಿಫೈಯರ್‌ನ ಗೇನ್ ಹೆಚ್ಚಿಸಿ ಪ್ರಯೋಜನವಿಲ್ಲ. ಆಸಿಲೇಟರ್ ಅನ್ನು ಕ್ರಿಸ್ಟಲ್‌ನ ಪಕ್ಕಕ್ಕೇ ತನ್ನಿ, ಅಥವಾ ಆ ಕೆಪಾಸಿಟೆನ್ಸ್ ಅನ್ನು ರದ್ದು ಮಾಡುವ ಸರ್ಕ್ಯೂಟ್ ಹಾಕಿ.

ಕೇಬಲ್ ಸರಿ ಇದ್ದರೆ ಸೋರಿಕೆ ನೋಡಿ. ಗಾಳಿಯಿಂದ ನೀರಿಗೆ ಹೋದಾಗ ಇಳಿತ 714ಕ್ಕಿಂತ ಬಹಳ ಜಾಸ್ತಿ ಆಗಿ, 1400ರ ಕಡೆಗೆ ಜಾರುತ್ತಿದ್ದರೆ ದ್ರವ ಹಿಂಬದಿಗೂ ಹೋಗಿದೆ ಎಂದೇ ತಿಳಿಯಿರಿ. ಉಪ್ಪಿರುವ ಬಫರ್ (ಆಮ್ಲೀಯತೆ ಬದಲಾಗದಂತೆ ಹಿಡಿದಿಡುವ ದ್ರಾವಣ) ಆಗಿದ್ದರೆ ಎರಡು ಎಲೆಕ್ಟ್ರೋಡ್‌ಗಳ ನಡುವೆ ವಿದ್ಯುತ್ ಹರಿದು ಸಿಗ್ನಲ್ ಪೂರ್ತಿ ಹೋಗುತ್ತದೆ. ಓ-ರಿಂಗ್ ಬದಲಾಯಿಸಿ. ಸಂಪರ್ಕ ಬಿಂದುಗಳ ಮೇಲೆ ಒಣಗಿದ ಉಪ್ಪು ಇದ್ದರೆ ಶುದ್ಧ ನೀರಿನಿಂದ ತೊಳೆದು ನೈಟ್ರೋಜನ್‌ನಿಂದ ಒಣಗಿಸಿ.

ಮೇಲ್ಮೈ ಅಲೆಯ ಸೆನ್ಸರ್ ಆದರೆ ಕಥೆಯೇ ಬೇರೆ. ಇದರಲ್ಲಿ ಒಂದು ಎಲೆಕ್ಟ್ರೋಡ್ ಗುಂಪು ಹುಟ್ಟಿಸಿದ ಅಲೆ ಬಿಲ್ಲೆಯ ಮೇಲ್ಮೈಯಲ್ಲಿ ಸಾಗಿ ಇನ್ನೊಂದು ಗುಂಪನ್ನು ಮುಟ್ಟುತ್ತದೆ. ಇಲ್ಲಿ ಎಷ್ಟೋ ಸಲ ದೋಷ ಜೋಡಣೆಯಲ್ಲಿ ಇರುವುದಿಲ್ಲ, ಆರಿಸಿಕೊಂಡ ಅಲೆಯಲ್ಲೇ ಇರುತ್ತದೆ. ರೇಲೀ ಅಲೆ ಮೇಲ್ಮೈಯನ್ನು ಮೇಲೆ-ಕೆಳಗೆ ಅಲ್ಲಾಡಿಸುತ್ತದೆ. ಎಸ್‌ಟಿ ಕಟ್ ಕ್ವಾರ್ಟ್ಜ್‌ನಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 3160 ಮೀಟರ್, 128 ಡಿಗ್ರಿ ಕಟ್ ಲಿಥಿಯಂ ನಿಯೋಬೇಟ್‌ನಲ್ಲಿ ಸುಮಾರು 3990. ನೀರಿನಲ್ಲಿ ಶಬ್ದದ ವೇಗ ಬರೀ 1480. ಹೀಗೆ ವೇಗ ಹೆಚ್ಚಿರುವ, ಮೇಲೆ-ಕೆಳಗೆ ಅಲ್ಲಾಡುವ ಅಲೆ ತನ್ನ ಶಕ್ತಿಯನ್ನೆಲ್ಲ ಒತ್ತಡದ ಅಲೆಯಾಗಿ ನೀರಿಗೆ ಸುರಿದುಬಿಡುತ್ತದೆ. ನೂರು ಮೆಗಾಹರ್ಟ್ಜ್ ಆಸುಪಾಸಿನಲ್ಲಿ ಒಂದೆರಡು ಮಿಲಿಮೀಟರ್ ದಾಟುವಷ್ಟರಲ್ಲಿ ಬಹುಪಾಲು ಮುಗಿದಿರುತ್ತದೆ. ದ್ರವವನ್ನು ಕಲಕಲು, ಹನಿಯನ್ನು ತಳ್ಳಲು ಈ ಗುಣ ಬಹಳ ಒಳ್ಳೆಯದು. ಅಳತೆಗೆ ಮಾತ್ರ ಅಲ್ಲ.

ಅಳತೆಗೆ ಬೇಕಾದದ್ದು ಮೇಲ್ಮೈಗೆ ಸಮಾನಾಂತರವಾಗಿ ಅಡ್ಡಡ್ಡ ಜಾರುವ ಅಲೆ. 36 ಡಿಗ್ರಿ ಕಟ್ ಲಿಥಿಯಂ ಟ್ಯಾಂಟಲೇಟ್ ಇದಕ್ಕೆ ಹೆಸರಾದದ್ದು. ಇಲ್ಲವೇ ಎಸ್‌ಟಿ ಕಟ್ ಕ್ವಾರ್ಟ್ಜ್‌ನಲ್ಲೇ ಅಲೆ ಸಾಗುವ ದಿಕ್ಕನ್ನು 90 ಡಿಗ್ರಿ ತಿರುಗಿಸಿ, ಮೇಲೆ ಸಿಲಿಕಾ ಅಥವಾ ಪಾಲಿಮರ್ ಪದರ ಹಾಕಿ ಲವ್ ಅಲೆಯ (ಆ ಪದರದಲ್ಲೇ ಹಿಡಿದಿಟ್ಟ ಅಡ್ಡ ಅಲೆಯ) ಸೆನ್ಸರ್ ಮಾಡಬಹುದು. ಬಿಲ್ಲೆಯ ಕಟ್ ಸರಿ ಇದ್ದು, ಎಲೆಕ್ಟ್ರೋಡ್‌ಗಳನ್ನು ತಪ್ಪು ದಿಕ್ಕಿಗೆ ಮುದ್ರಿಸಿದರೂ ರೇಲೀ ಅಲೆಯೇ ಹುಟ್ಟುತ್ತದೆ. ಗಾಳಿಯಲ್ಲಿ ಇದು ಗೊತ್ತಾಗುವುದಿಲ್ಲ. ಅನುಮಾನ ಬಂದರೆ ಆವರ್ತನವನ್ನು ಎಲೆಕ್ಟ್ರೋಡ್ ಬೆರಳುಗಳ ಅಳತೆಯಿಂದ ಸಿಗುವ ತರಂಗಾಂತರದಿಂದ ಗುಣಿಸಿ ವೇಗ ಲೆಕ್ಕ ಹಾಕಿ. ಕ್ವಾರ್ಟ್ಜ್‌ನಲ್ಲಿ 3160ರ ಹತ್ತಿರ ಬಂದರೆ ರೇಲೀ, 5000ರ ಹತ್ತಿರ ಬಂದರೆ ಅಡ್ಡ ಅಲೆ.

ದ್ರವ ಎಲ್ಲಿ ಕೂತಿದೆ ಎಂಬುದೂ ಮುಖ್ಯ. ನೀರಿನ ಡೈಎಲೆಕ್ಟ್ರಿಕ್ ಸ್ಥಿರಾಂಕ 80ರ ಆಸುಪಾಸು. ಅದು ಎಲೆಕ್ಟ್ರೋಡ್ ಬೆರಳುಗಳ ಮೇಲೆ ಹರಿದರೆ ಅವುಗಳ ಕೆಪಾಸಿಟೆನ್ಸ್ ಬಹಳ ಏರುತ್ತದೆ, ಸರ್ಕ್ಯೂಟ್ ಜೊತೆಗಿನ ಹೊಂದಿಕೆ (ಮ್ಯಾಚಿಂಗ್) ಕೆಟ್ಟುಹೋಗುತ್ತದೆ. ಸೆಲ್‌ನ ಗೋಡೆ ಎರಡು ಎಲೆಕ್ಟ್ರೋಡ್ ಗುಂಪುಗಳ ನಡುವೆ ಇರಲಿ. ಆದರೆ ಆ ಗೋಡೆ ಅಲೆಯ ದಾರಿಯನ್ನು ತುಳಿಯುತ್ತದೆ, ಹಾಗಾಗಿ ಅದು ಎಷ್ಟು ಕಿರಿದಾಗಿದ್ದರೆ ಅಷ್ಟು ಒಳ್ಳೆಯದು. ಸ್ಕ್ರೂ ಬಿಗಿ ಮಾಡುತ್ತಾ ಹೋದಂತೆ ನಷ್ಟ ಏರುತ್ತಿದ್ದರೆ ಕಾರಣ ಇದೇ.

ಸಿಗ್ನಲ್ ಇದೆ, ಆದರೆ ಅದು ಅಲೆಯದ್ದೇನಾ?

ಇದು ಮೇಲ್ಮೈ ಅಲೆಯವರಿಗೆ ಮಾತ್ರ ಬರುವ ತೊಂದರೆ. ಒಳಬರುವ ಎಲೆಕ್ಟ್ರೋಡ್‌ನಿಂದ ಹೊರಹೋಗುವ ಎಲೆಕ್ಟ್ರೋಡ್‌ಗೆ ಒಂದಿಷ್ಟು ಸಿಗ್ನಲ್ ಗಾಳಿಯಲ್ಲೇ, ದ್ರವದಲ್ಲೇ, ವಿದ್ಯುತ್ ರೂಪದಲ್ಲೇ ಹಾರಿಬಿಡುತ್ತದೆ. ಅಲೆ ದುರ್ಬಲವಾದಷ್ಟೂ ಈ ಕಳ್ಳದಾರಿಯ ಸಿಗ್ನಲ್ ದೊಡ್ಡದಾಗಿ ಕಾಣುತ್ತದೆ. ನೆಟ್‌ವರ್ಕ್ ಅನಲೈಸರ್‌ನಲ್ಲಿ (ಯಾವ ಆವರ್ತನದಲ್ಲಿ ಸಿಗ್ನಲ್ ಎಷ್ಟು ದಾಟುತ್ತದೆ ಎಂದು ತೋರಿಸುವ ಉಪಕರಣ) ಪಾಸ್‌ಬ್ಯಾಂಡ್‌ನ, ಅಂದರೆ ಸಿಗ್ನಲ್ ಚೆನ್ನಾಗಿ ದಾಟುವ ಆವರ್ತನಗಳ, ಮೇಲೆ ಸಣ್ಣ ಸಣ್ಣ ಏರಿಳಿತ ಕಾಣಿಸಿದರೆ ಅವುಗಳ ಅಂತರ ಅಳೆಯಿರಿ. ದಾರಿ 10 ಮಿಲಿಮೀಟರ್, ವೇಗ 4160 ಮೀಟರ್ ಆದರೆ ಅಲೆಗೆ 2.4 ಮೈಕ್ರೋಸೆಕೆಂಡ್ ಬೇಕು. ಏರಿಳಿತದ ಅಂತರ 416 ಕಿಲೋಹರ್ಟ್ಜ್ ಇದ್ದರೆ ಅದು ನೇರವಾಗಿ ಹಾರಿದ ಸಿಗ್ನಲ್. ಅದರ ಅರ್ಧ, ಅಂದರೆ 208 ಇದ್ದರೆ, ಅಲೆ ಹಿಂದೆ ಮುಂದೆ ಪ್ರತಿಫಲಿಸಿ ಮೂರು ಸಲ ದಾರಿ ಸವೆಸಿ ಬಂದದ್ದು. ಮೊದಲನೆಯದಕ್ಕೆ ಗ್ರೌಂಡ್ ಮತ್ತು ಶೀಲ್ಡಿಂಗ್ ಸರಿಪಡಿಸಿ. ಎರಡನೆಯದಕ್ಕೆ ಎಲೆಕ್ಟ್ರೋಡ್ ಬೆರಳುಗಳನ್ನು ಇಬ್ಬಾಗಿಸಿದ ವಿನ್ಯಾಸ ಬೇಕು. ಟೈಮ್ ಗೇಟಿಂಗ್ ಹಾಕಿದರೆ, ಅಂದರೆ ಅಲೆ ಬರುವ ಹೊತ್ತಿನ ಸಿಗ್ನಲ್ ಮಾತ್ರ ಉಳಿಸಿಕೊಂಡರೆ, ಗ್ರಾಫ್ ಅಂದವಾಗುತ್ತದೆ ನಿಜ. ಆದರೆ ಸೆನ್ಸರ್ ಅನ್ನು ಕೊನೆಗೆ ಸರಳ ಆಸಿಲೇಟರ್‌ನಲ್ಲಿ ಓಡಿಸುವುದಾದರೆ ಆ ಗೇಟಿಂಗ್ ಅಲ್ಲಿಗೆ ಬರುವುದಿಲ್ಲ, ಅಲ್ವಾ? ದೋಷವನ್ನು ಬಿಲ್ಲೆಯ ಮೇಲೇ ಸರಿಪಡಿಸಬೇಕು.

ಬೇಸ್‌ಲೈನ್ ನಿಲ್ಲದಿದ್ದರೆ

ಡ್ರಿಫ್ಟ್‌ಗೆ, ಅಂದರೆ ಬೇಸ್‌ಲೈನ್ ಜಾರುವುದಕ್ಕೆ, ಕಾರಣ ಹುಡುಕುವಾಗ ನಾನು ಮೊದಲು ನೋಡುವುದು ಅದರ ಆಕಾರ. ನಿಮಿಷಗಳಲ್ಲಿ ನಿಧಾನ ಏರಿ ಇಳಿಯುತ್ತಿದ್ದರೆ ಉಷ್ಣತೆ. ಗಂಟೆಗಟ್ಟಲೆ ಒಂದೇ ದಿಕ್ಕಿಗೆ ಜಾರುತ್ತಿದ್ದರೆ ಓ-ರಿಂಗ್ ಇನ್ನೂ ಕೂರುತ್ತಿದೆ, ಅಥವಾ ಪಾಲಿಮರ್ ಪದರ ನೀರು ಕುಡಿದು ಉಬ್ಬುತ್ತಿದೆ. ಥಟ್ಟನೆ ಜಿಗಿದರೆ ಗುಳ್ಳೆ. ಗಡಿಯಾರದಂತೆ ನಿಯಮಿತವಾಗಿ ಅಲೆದಾಡಿದರೆ ಪಂಪ್‌ನ ರೋಲರ್ ಅಥವಾ ಕೋಣೆಯ ಏಸಿ. ಅದರ ಅವಧಿಯನ್ನು ಪಂಪ್‌ನ ಅವಧಿಗೆ ಹೋಲಿಸಿದರೆ ಅಲ್ಲಿಗೇ ತೀರ್ಮಾನವಾಗುತ್ತದೆ.

ಉಷ್ಣತೆಯ ಬಗ್ಗೆ ಒಂದು ತಪ್ಪು ನಂಬಿಕೆ ಇದೆ. ಎಟಿ ಕಟ್ ಕ್ವಾರ್ಟ್ಜ್ ಕೋಣೆಯ ಉಷ್ಣತೆಯಲ್ಲಿ ಹೆಚ್ಚು ಬದಲಾಗುವುದಿಲ್ಲ, ಹಾಗಾಗಿ ಚಿಂತೆ ಇಲ್ಲ ಎನ್ನುತ್ತಾರೆ. ಕ್ವಾರ್ಟ್ಜ್ ಬದಲಾಗುವುದಿಲ್ಲ, ಸರಿ. ಆದರೆ ನೀರಿನ ಸ್ನಿಗ್ಧತೆ ಪ್ರತಿ ಡಿಗ್ರಿಗೆ ಶೇಕಡ 2ರಷ್ಟು ಬದಲಾಗುತ್ತದೆ. 5 ಮೆಗಾಹರ್ಟ್ಜ್‌ನಲ್ಲಿ ಅದು ಡಿಗ್ರಿಗೆ ಸುಮಾರು 8 ಹರ್ಟ್ಜ್. ಹತ್ತನೇ ಒಂದು ಡಿಗ್ರಿ ಅಲುಗಿದರೂ ಚದರ ಸೆಂಟಿಮೀಟರ್‌ಗೆ 14 ನ್ಯಾನೋಗ್ರಾಂ ಬಂದು ಕೂತಂತೆ ಕಾಣುತ್ತದೆ. ಲಿಥಿಯಂ ಟ್ಯಾಂಟಲೇಟ್‌ನಲ್ಲಿ ಬಿಲ್ಲೆಯೇ ಡಿಗ್ರಿಗೆ ದಶಲಕ್ಷದಲ್ಲಿ ಸುಮಾರು 30 ಭಾಗ ಬದಲಾಗುತ್ತದೆ. 100 ಮೆಗಾಹರ್ಟ್ಜ್ ಸೆನ್ಸರ್‌ಗೆ ಅದು 3 ಕಿಲೋಹರ್ಟ್ಜ್. ಇಲ್ಲಿ ಪಕ್ಕದಲ್ಲೇ ಇನ್ನೊಂದು ಹೋಲಿಕೆಯ ಚಾನೆಲ್ ಇಲ್ಲದೆ ಕೆಲಸ ಮಾಡುವುದು ಸಾಧ್ಯವೇ ಇಲ್ಲ ಎನ್ನುವಷ್ಟು ಕಷ್ಟ.

ಪರೀಕ್ಷೆ ಸುಲಭ. ಥರ್ಮಿಸ್ಟರ್ ಅನ್ನು ಲೋಹದ ಬ್ಲಾಕ್‌ನಲ್ಲಿ ಇಡಬೇಡಿ, ದ್ರವದೊಳಗೇ ಇಡಿ. ಉಷ್ಣತೆ ಮತ್ತು ಆವರ್ತನ ಎರಡನ್ನೂ ಒಂದೇ ಗ್ರಾಫ್‌ನಲ್ಲಿ ಹಾಕಿ. ಎರಡು ಗೆರೆಗಳು ಜೊತೆಜೊತೆಗೆ ಕುಣಿದರೆ ಉತ್ತರ ಸಿಕ್ಕಿತು.

ಗುಳ್ಳೆಗೂ ಉಷ್ಣತೆಗೂ ನೆಂಟಸ್ತಿಕೆ ಇದೆ. ತಣ್ಣನೆಯ ಬಫರ್ ಬೆಚ್ಚಗಿನ ಸೆಲ್‌ಗೆ ಹೋದರೆ ಕರಗಿದ ಗಾಳಿ ಹೊರಬಂದು ಚಿನ್ನದ ಮೇಲೆಯೇ ಗುಳ್ಳೆಯಾಗುತ್ತದೆ. ಬಫರ್‌ನ ಗಾಳಿ ತೆಗೆದು, ಸೆಲ್‌ಗಿಂತ ಒಂದೆರಡು ಡಿಗ್ರಿ ಬೆಚ್ಚಗೆ ಇಟ್ಟು ಬಿಡಿ. ಆಗ ಅದು ಒಳಗೆ ತಣಿಯುತ್ತದೆ, ಗಾಳಿ ಹೊರಬರುವುದಿಲ್ಲ. ಪಂಪ್ ದ್ರವವನ್ನು ಹಿಂದಿನಿಂದ ಎಳೆಯುತ್ತಿದ್ದರೆ ಸೆಲ್‌ನೊಳಗೆ ಒತ್ತಡ ಇಳಿದು ಗುಳ್ಳೆಗೆ ಇನ್ನಷ್ಟು ಅನುಕೂಲ. ಅದನ್ನು ತಳ್ಳುವಂತೆ ಬದಲಾಯಿಸಿ ನೋಡಿ.

ಇನ್ನೊಂದು ದೋಷ ಅಷ್ಟಾಗಿ ಯಾರ ಗಮನಕ್ಕೂ ಬರುವುದಿಲ್ಲ. ಕ್ರಿಸ್ಟಲ್ ಪಕ್ಕಕ್ಕೆ ಮಾತ್ರ ಜಾರುತ್ತದೆ ಎಂದೆ. ಆದರೆ ಬಿಲ್ಲೆಗೆ ಅಂಚು ಇದೆ, ನಡುವಿನಲ್ಲಿ ಕಂಪನ ಜಾಸ್ತಿ, ಅಂಚಿನಲ್ಲಿ ಕಡಿಮೆ. ಇದರಿಂದ ಸ್ವಲ್ಪ ಒತ್ತಡದ ಅಲೆಯೂ ದ್ರವಕ್ಕೆ ಹೊರಡುತ್ತದೆ. ಸೆಲ್‌ನ ಛಾವಣಿ ಕ್ರಿಸ್ಟಲ್‌ಗೆ ಸಮಾನಾಂತರವಾಗಿದ್ದರೆ ಅದು ತಟ್ಟಿ ಹಿಂದಿರುಗಿ ನಡುವೆ ನಿಂತ ಅಲೆಯಾಗುತ್ತದೆ. 5 ಮೆಗಾಹರ್ಟ್ಜ್‌ನಲ್ಲಿ ನೀರಿನ ಅರ್ಧ ತರಂಗಾಂತರ 148 ಮೈಕ್ರೋಮೀಟರ್. ಛಾವಣಿಯ ಎತ್ತರ ಅಷ್ಟು ಬದಲಾಗುವಷ್ಟರಲ್ಲಿ ಆವರ್ತನ ಒಂದು ಸುತ್ತು ಏರಿ ಇಳಿದಿರುತ್ತದೆ. ತೆರೆದ ಸೆಲ್‌ನಲ್ಲಿ ದ್ರವ ಆವಿಯಾಗುತ್ತಾ ಮಟ್ಟ ಇಳಿದಾಗಲೂ ಇದೇ ಆಟ. ಅಲೆಅಲೆಯಾದ, ಉಷ್ಣತೆಗೂ ಪಂಪ್‌ಗೂ ಹೊಂದದ ಡ್ರಿಫ್ಟ್ ಕಂಡರೆ ಇದನ್ನು ನೆನಪಿಸಿಕೊಳ್ಳಿ. ಛಾವಣಿಯನ್ನು ಸ್ವಲ್ಪ ಓರೆ ಮಾಡಿದರೆ ಬಹುತೇಕ ಹೋಗುತ್ತದೆ. 3, 5, 7ನೇ ಓವರ್‌ಟೋನ್‌ಗಳಲ್ಲಿ (ಮೂಲ ಆವರ್ತನದ ಅಷ್ಟು ಪಟ್ಟಿನ ಕಂಪನಗಳಲ್ಲಿ) ಈ ತೊಂದರೆ ಕಡಿಮೆ, ಅಲ್ಲೂ ಅಳೆದು ಹೋಲಿಸಿ.

ಇಲ್ಲದ್ದನ್ನು ಇದೆ ಎಂದರೆ

ಇದರಲ್ಲಿ ಮುಕ್ಕಾಲುಪಾಲು ಬಫರ್ ಹೊಂದಿಕೆಯ ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ. ಒಂದು ಉದಾಹರಣೆ ಸಾಕು. ಎಷ್ಟೋ ಆಂಟಿಬಾಡಿಗಳು ಶೇಕಡ 50 ಗ್ಲಿಸರಾಲ್‌ನಲ್ಲಿ ಬರುತ್ತವೆ. ಐವತ್ತು ಪಟ್ಟು ತೆಳು ಮಾಡಿದರೂ ಶೇಕಡ 1 ಗ್ಲಿಸರಾಲ್ ಉಳಿದಿರುತ್ತದೆ. ಅಷ್ಟಕ್ಕೇ ದ್ರವ ದಪ್ಪಗಾಗಿ 5 ಮೆಗಾಹರ್ಟ್ಜ್ ಕ್ರಿಸ್ಟಲ್ ಸುಮಾರು 10 ಹರ್ಟ್ಜ್ ಇಳಿಯುತ್ತದೆ. ಸಾವರ್‌ಬ್ರೇ ಸೂತ್ರಕ್ಕೆ ಹಾಕಿದರೆ ಅದು ಚದರ ಸೆಂಟಿಮೀಟರ್‌ಗೆ 170 ನ್ಯಾನೋಗ್ರಾಂಗಿಂತ ಜಾಸ್ತಿ. ಒಳ್ಳೆಯ ಫಲಿತಾಂಶ ಬಂತು ಎಂದು ನಂಬುವುದಕ್ಕೆ ಅಷ್ಟು ಸಾಕು, ಆದರೆ ಒಂದು ಅಣುವೂ ಅಂಟಿಲ್ಲ.

ಗುರುತಿಸುವುದು ಹೀಗೆ. ದ್ರವದ ಗುಣದಿಂದ ಬಂದ ಇಳಿತ ಸ್ಯಾಂಪಲ್ ಒಳಗೆ ಬಂದ ಕೂಡಲೇ ಮೆಟ್ಟಿಲಿನಂತೆ ಬರುತ್ತದೆ. ಬಫರ್‌ನಿಂದ ತೊಳೆದ ಕೂಡಲೇ ಪೂರ್ತಿ ವಾಪಸ್ ಹೋಗುತ್ತದೆ. ಡ್ಯಾಂಪಿಂಗ್ ಕೂಡ ಅದೇ ಪ್ರಮಾಣದಲ್ಲಿ ಬದಲಾಗಿರುತ್ತದೆ. ನಿಜವಾಗಿ ಅಂಟಿದ್ದು ಬಾಗಿದ ಗೆರೆಯಾಗಿ ನಿಧಾನ ಬರುತ್ತದೆ, ತೊಳೆದ ಮೇಲೂ ಬಹುಪಾಲು ಉಳಿಯುತ್ತದೆ. ಸ್ಯಾಂಪಲ್ ಅನ್ನು ಹರಿಯುತ್ತಿರುವ ಅದೇ ಬಫರ್‌ನಲ್ಲೇ ತೆಳು ಮಾಡಿ. ಆಂಟಿಬಾಡಿಯನ್ನು ಡಯಾಲಿಸಿಸ್ ಮಾಡಿಯೋ ಡೀಸಾಲ್ಟಿಂಗ್ ಕಾಲಂನಲ್ಲಿ ಹಾಯಿಸಿಯೋ ಬಫರ್ ಬದಲಿಸಿ.

ಲಿಥಿಯಂ ಟ್ಯಾಂಟಲೇಟ್ ಸೆನ್ಸರ್ ಉಪ್ಪಿಗೂ ಸ್ಪಂದಿಸುತ್ತದೆ. ಅಲೆಯ ಜೊತೆ ಸಾಗುವ ವಿದ್ಯುತ್ ಕ್ಷೇತ್ರ ದ್ರವದೊಳಗೆ ಇಣುಕುವುದೇ ಕಾರಣ. ಅಲೆಯ ದಾರಿಯ ಮೇಲೆ ಚಿನ್ನದ ಪದರ ಹಾಕಿ ಗ್ರೌಂಡ್ ಮಾಡಿದರೆ ಆ ಕ್ಷೇತ್ರ ಅಲ್ಲೇ ನಿಲ್ಲುತ್ತದೆ. ಒಂದು ದಾರಿಗೆ ಲೋಹ ಹಾಕಿ ಇನ್ನೊಂದನ್ನು ಬರಿದಾಗಿ ಬಿಟ್ಟರೆ ಎರಡರ ವ್ಯತ್ಯಾಸವೇ ದ್ರವದ ವಿದ್ಯುತ್ ಗುಣ ಹೇಳುತ್ತದೆ. ದೋಷ ಎಂದುಕೊಂಡದ್ದು ಇಲ್ಲಿ ಉಪಯೋಗಕ್ಕೂ ಬರುತ್ತದೆ.

ಇವೆರಡೂ ಅಲ್ಲದಿದ್ದರೆ ಮಾತ್ರ ಬೇರೆ ಪ್ರೋಟೀನ್‌ಗಳು ಸುಮ್ನೆ ಬಂದು ಅಂಟುತ್ತಿವೆ ಎಂದು ಅನುಮಾನಿಸಿ. ಪರೀಕ್ಷೆಗೆ ಇನ್ನೊಂದು ಚಾನೆಲ್‌ನಲ್ಲಿ ಸಂಬಂಧವೇ ಇಲ್ಲದ ಆಂಟಿಬಾಡಿ ಕಟ್ಟಿ. ಬರಿ ಚಿನ್ನವನ್ನು ಹೋಲಿಕೆಗೆ ಇಡಬೇಡಿ, ಅದಕ್ಕೆ ಏನು ಬೇಕಾದರೂ ಅಂಟುತ್ತದೆ.

ಇದ್ದರೂ ಸ್ಪಂದಿಸದಿದ್ದರೆ

ಮೊದಲು ಸೆನ್ಸರ್ ಜೀವಂತ ಇದೆಯಾ ಎಂದು ಗ್ಲಿಸರಾಲ್‌ನಿಂದ ಪರೀಕ್ಷಿಸಿ. ತೂಕದಲ್ಲಿ ಶೇಕಡ 20 ಗ್ಲಿಸರಾಲ್ ದ್ರಾವಣ, 20 ಡಿಗ್ರಿಯಲ್ಲಿ, ನೀರಿಗಿಂತ ಸುಮಾರು 250 ಹರ್ಟ್ಜ್ ಹೆಚ್ಚು ಇಳಿಸಬೇಕು. ಇಳಿಸಿದರೆ ಕ್ರಿಸ್ಟಲ್, ಸೆಲ್, ಎಲೆಕ್ಟ್ರಾನಿಕ್ಸ್ ಮೂರೂ ಸರಿ ಇವೆ.

ಆಮೇಲೆ ಲೆಕ್ಕ ಹಾಕಿ: ಸ್ಪಂದಿಸುವಷ್ಟು ತೂಕ ಇದೆಯಾ? 300 ಡಾಲ್ಟನ್‌ನ (ಡಾಲ್ಟನ್ ಎಂದರೆ ಅಣುವಿನ ತೂಕದ ಅಳತೆ) ಒಂದು ಕೀಟನಾಶಕ ಅಣು ಚದರ ಸೆಂಟಿಮೀಟರ್‌ಗೆ 1 ಪಿಕೋಮೋಲ್ ಅಂಟಿದರೆ ತೂಕ 0.3 ನ್ಯಾನೋಗ್ರಾಂ. ಅಂದರೆ 0.017 ಹರ್ಟ್ಜ್. ಇದನ್ನು ನೇರವಾಗಿ ನೋಡಲು ಹೊರಟರೆ ಯಾವ ಆಂಟಿಬಾಡಿಯೂ ಕಾಪಾಡುವುದಿಲ್ಲ. ಇಂಥ ಸಣ್ಣ ಅಣುವಿಗೆ ಸ್ಪರ್ಧೆಯ ವಿಧಾನ ಬೇಕು. ಅಣುವನ್ನು ಮೇಲ್ಮೈಗೆ ಕಟ್ಟಿ, ಸ್ಯಾಂಪಲ್‌ಗೆ ಆಂಟಿಬಾಡಿ ಬೆರೆಸಿ, ಸ್ಯಾಂಪಲ್‌ನ ಅಣುಗಳಿಗೆ ಅಂಟದೆ ಉಳಿದ ಆಂಟಿಬಾಡಿ ಎಷ್ಟು ಬಂದು ಕೂರುತ್ತದೆ ಎಂದು ಅಳೆಯಬೇಕು. ಆಗ ಅಳೆಯುವ ವಸ್ತು 150 ಕಿಲೋಡಾಲ್ಟನ್‌ನದ್ದಾಗುತ್ತದೆ.

ಬ್ಯಾಕ್ಟೀರಿಯಾದಲ್ಲಿ ಇದಕ್ಕೆ ವಿರುದ್ಧವಾದ ತೊಡಕು. ಅದರ ಗಾತ್ರ ಒಂದು ಮೈಕ್ರೋಮೀಟರ್ ಆಸುಪಾಸು. ಸೆನ್ಸರ್‌ನ ಎಳೆತ ಮುಟ್ಟುವುದು 250 ನ್ಯಾನೋಮೀಟರ್, 100 ಮೆಗಾಹರ್ಟ್ಜ್‌ನಲ್ಲಾದರೆ 56 ಮಾತ್ರ. ಬ್ಯಾಕ್ಟೀರಿಯಾ ಕೆಲವೇ ಬಿಂದುಗಳಲ್ಲಿ ಸಡಿಲವಾಗಿ ಕೂತರೆ ಅದು ಬಿಲ್ಲೆಯ ಜೊತೆ ಅಲುಗಾಡುವುದೇ ಇಲ್ಲ. ಆವರ್ತನ ಇಳಿಯುವ ಬದಲು ಏರುವುದೂ ಉಂಟು. ಏರಿಕೆ ಕಂಡ ಕೂಡಲೇ ಪ್ರಯೋಗ ಕೆಟ್ಟಿತು ಎಂದು ಬಿಸಾಡಬೇಡಿ. ಓವರ್‌ಟೋನ್‌ಗಳನ್ನು ನೋಡಿ, ಡ್ಯಾಂಪಿಂಗ್ ನೋಡಿ. ಆವರ್ತನ ಏರಿದರೂ ಡ್ಯಾಂಪಿಂಗ್ ಕೂಡ ಏರಿದ್ದರೆ ಅದು ಗುಳ್ಳೆಯಲ್ಲ.

ಸ್ಪಂದನೆ ಇದ್ದು ಬಹಳ ನಿಧಾನವಾಗಿದ್ದರೆ ಹರಿವಿನ ವೇಗವನ್ನು ಎರಡರಷ್ಟು ಮಾಡಿ. ಗೆರೆ ಕಡಿದಾದರೆ ವಸ್ತು ಮೇಲ್ಮೈಗೆ ತಲುಪುವುದೇ ತಡವಾಗುತ್ತಿದೆ ಎಂದರ್ಥ. ಸೆಲ್‌ನ ಎತ್ತರ ಕಡಿಮೆ ಮಾಡಬೇಕು. ಏನೂ ಬದಲಾಗದಿದ್ದರೆ ಈಗ, ಇಷ್ಟೆಲ್ಲ ಆದ ಮೇಲೆ, ಆಂಟಿಬಾಡಿಯನ್ನು ಅನುಮಾನಿಸಬಹುದು. ಅದು ತಲೆಕೆಳಗಾಗಿ ಕೂತಿರಬಹುದು, ಒತ್ತೊತ್ತಾಗಿ ಕೂತು ಒಂದಕ್ಕೊಂದು ಅಡ್ಡಬರುತ್ತಿರಬಹುದು, ಅಥವಾ ಹಿಂದಿನ ಸಲ ಆಮ್ಲದಿಂದ ತೊಳೆದಾಗ ಶಕ್ತಿ ಕಳೆದುಕೊಂಡಿರಬಹುದು.

ಕ್ರಿಸ್ಟಲ್ ಮರುಬಳಕೆ ಮಾಡುವುದಾದರೆ ಪ್ರತಿ ಸಲ ತೊಳೆದು ಒಣಗಿಸಿದ ಮೇಲೆ ಗಾಳಿಯಲ್ಲಿನ ಆವರ್ತನ ಮತ್ತು ರೆಸಿಸ್ಟೆನ್ಸ್ ಬರೆದಿಡಿ. ಚಿನ್ನದ ಕೆಳಗಿನ ಕ್ರೋಮಿಯಂ ಪದರ ಕೊರೆದುಹೋದಂತೆ ಅಂಚಿನಿಂದ ಚಿನ್ನ ಏಳತೊಡಗುತ್ತದೆ. ಬರಿಗಣ್ಣಿಗೆ ಕಾಣುವ ಮೊದಲೇ ರೆಸಿಸ್ಟೆನ್ಸ್ ಏರಿರುತ್ತದೆ. ಹೊಸದಿದ್ದಾಗ 10 ಓಮ್ ಇದ್ದದ್ದು ಒಣಗಿಸಿದ ಮೇಲೂ 20 ದಾಟಿದರೆ ನಾನು ಆ ಕ್ರಿಸ್ಟಲ್ ಅನ್ನು ಅಳತೆಗೆ ಬಳಸುವುದಿಲ್ಲ, ಸೋರಿಕೆ ಪರೀಕ್ಷೆಗೆ ಎತ್ತಿಡುತ್ತೇನೆ.